ಪ್ರಾಗ್‌ನಲ್ಲಿ ಒಬ್ಬರೇ ಸುತ್ತುವವರೇ, ಎಟಿಎಂ ಪರದೆ ಮುಂದೆ ಆತುರ ಬೇಡ

ಪ್ರಾಗ್‌ನಲ್ಲಿ ಜೇಬುಗಳ್ಳರು ಇದ್ದಾರೆ, ಅವರ ವಿಷಯ ಆಮೇಲೆ. ಒಂಟಿಯಾಗಿ ಬಂದವರು ಅದಕ್ಕೂ ಮೊದಲು ದುಡ್ಡು ಕಳೆದುಕೊಳ್ಳೋದು ತಾವೇ ಬಟನ್ ಒತ್ತಿ, ತಾವೇ ಕೌಂಟರಿನಲ್ಲಿ ಎಣಿಸಿ ಕೊಟ್ಟು. ಪಕ್ಕದಲ್ಲಿ "ತಡಿ, ಇನ್ನೊಮ್ಮೆ ನೋಡು" ಅನ್ನೋರು ಯಾರೂ ಇರಲ್ಲ, ಹಿಂದೆ ಕ್ಯೂ ಬೆಳೀತಾ ಇರುತ್ತೆ.

ಪ್ರಾಗ್ ಇರುವ ಝೆಕ್ ದೇಶ ಒಂದೇ ವೀಸಾದಲ್ಲಿ ಸುತ್ತಬಹುದಾದ ಷೆಂಗನ್ ವಲಯದ ಒಳಗಿದ್ದರೂ ಅಲ್ಲಿ ನಡೆಯೋದು ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ ಹೆಚ್ಚುಕಮ್ಮಿ 24ರಿಂದ 25 ಕೊರುನಾ. ಒಂದು ಕೊರುನಾ ಅಂದರೆ ನಮ್ಮ ನಾಲ್ಕು ರೂಪಾಯಿ ಆಸುಪಾಸು. ವಿಯೆನ್ನಾ ಮುಗಿಸಿ ರೈಲು ಹತ್ತಿ ಬರುವವರ ಕೈಯಲ್ಲಿ ಯೂರೋ ತುಂಬಿದ ಫಾರೆಕ್ಸ್ ಕಾರ್ಡ್ ಇರುತ್ತೆ. ನಮ್ಮ ಬ್ಯಾಂಕುಗಳ ಬಹಳಷ್ಟು ಫಾರೆಕ್ಸ್ ಕಾರ್ಡುಗಳಲ್ಲಿ ಕೊರುನಾ ತುಂಬಿಸೋಕೆ ಆಗಲ್ಲ. ಹಾಗಾಗಿ ಪ್ರತಿ ಸಲವೂ ಕ್ರಾಸ್ ಕರೆನ್ಸಿ ಶುಲ್ಕ, ಅಂದರೆ ಕಾರ್ಡಿನ ಯೂರೋವನ್ನು ಕೊರುನಾಗೆ ಬದಲಿಸುವ ಶುಲ್ಕ, ಬೀಳುತ್ತೆ. ಎಷ್ಟು ಅಂತ ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಅದು ತಪ್ಪದ ಖರ್ಚು. ತಪ್ಪಿಸಬಹುದಾದ ಖರ್ಚು ಎಟಿಎಂ ಪರದೆ ಮೇಲಿರುತ್ತೆ.

ಹಳೇ ಪಟ್ಟಣದ ಬೀದಿಗಳಲ್ಲಿ ಅಂಗಡಿ ಸಂದು, ಹೋಟೆಲ್ ಬಾಗಿಲು ಎಲ್ಲೆಂದರಲ್ಲಿ ನಿಂತಿರುವ, ಯಾವ ಬ್ಯಾಂಕಿಗೂ ಸೇರದ ಎಟಿಎಂಗಳನ್ನು ಮುಟ್ಟಬೇಡಿ. ಕಾರ್ಡ್ ಹಾಕಿದ ತಕ್ಷಣ ದೊಡ್ಡ ದೊಡ್ಡ ಮೊತ್ತಗಳನ್ನೇ ಮುಂದಿಡುತ್ತವೆ. ಆಮೇಲೆ ತಮ್ಮ ಶುಲ್ಕ ಇಷ್ಟು ಅಂತ ತೋರಿಸುತ್ತವೆ. ಕೊನೆಗೆ ಬರೋದು ನಿಜವಾದ ಬಲೆ: "ನಿಮ್ಮ ಕಾರ್ಡಿನ ಕರೆನ್ಸಿಯಲ್ಲೇ ಲೆಕ್ಕ ಹಾಕಲಾ?" ಅನ್ನೋ ಪ್ರಶ್ನೆ. "ಆಕ್ಸೆಪ್ಟ್" ಕಣ್ಣಿಗೆ ರಾಚುತ್ತೆ, "ಡಿಕ್ಲೈನ್" ಮೂಲೆಯಲ್ಲಿ ಮಂಕಾಗಿರುತ್ತೆ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರಲ್ಲವೇನೋ ಅನ್ನಿಸುವ ಹಾಗೆ ವಾಕ್ಯ ಬರೆದಿರುತ್ತಾರೆ. ಬರುತ್ತೆ. ಡಿಕ್ಲೈನ್ ಅಂದರೆ ಯಂತ್ರದವರ ದರ ಬೇಡ, ನನ್ನ ಬ್ಯಾಂಕಿನ ದರ ಸಾಕು ಅಂತ ಅಷ್ಟೇ. ಆಕ್ಸೆಪ್ಟ್ ಒತ್ತಿದರೆ ಯಂತ್ರದವರು ತಮಗೆ ಬೇಕಾದ ಲಾಭ ಸೇರಿಸಿಕೊಂಡ ದರ ಹಾಕುತ್ತಾರೆ, ಒಪ್ಪಿದವರು ನೀವೇ ಆದ್ದರಿಂದ ದೂರಿಗೂ ಜಾಗ ಇಲ್ಲ.

ಚೆಸ್ಕಾ ಸ್ಪೊರ್ಝಿತೆಲ್ನಾ, ಕೊಮೆರ್ಚ್ನಿ ಬಾಂಕಾದಂಥ ಬ್ಯಾಂಕುಗಳ ಶಾಖೆಗೆ ಅಂಟಿಕೊಂಡ ಎಟಿಎಂ ಹುಡುಕಿ. ಅಲ್ಲೂ ಇದೇ ಪ್ರಶ್ನೆ ಬಂದರೆ ಉತ್ತರವೂ ಅದೇ. 2000 ತೆಗೆಯುವ ಬದಲು 1900 ಅಂತ ಒತ್ತಿದರೆ ಚಿಲ್ಲರೆ ನೋಟು ಸಿಗುತ್ತೆ. ಒಂದೇ 2000ದ ನೋಟು ಹಿಡಿದು ಸಣ್ಣ ಅಂಗಡಿಗೆ ಹೋದರೆ ಮುಖ ಸಿಂಡರಿಸುತ್ತಾರೆ. ಹೋಟೆಲಿನಲ್ಲಿ ಕಾರ್ಡ್ ತಾಗಿಸುವ ಮೊದಲೂ ಯಂತ್ರದ ಮೇಲೆ ರೂಪಾಯಿ ಮೊತ್ತ ಕಾಣಿಸಿದರೆ, ಕೊರುನಾದಲ್ಲೇ ಮಾಡಿ ಅನ್ನಿ.

ಇನ್ನು ನೋಟು ಬದಲಿಸುವ ಕೌಂಟರ್. "ಕಮಿಷನ್ ಸೊನ್ನೆ" ಅನ್ನೋ ಬೋರ್ಡಿಗೆ ಅರ್ಥವೇ ಇಲ್ಲ, ಯಾಕಂದರೆ 2019ರ ಏಪ್ರಿಲ್‌ನಿಂದ ಅಲ್ಲಿ ಕಮಿಷನ್ ತೆಗೆದುಕೊಳ್ಳುವಂತೆಯೇ ಇಲ್ಲ. ಲಾಭವೆಲ್ಲ ದರದಲ್ಲೇ ಅಡಗಿರುತ್ತೆ. ಯೂರೋಗೆ 18 ಕೊರುನಾ ದರದಲ್ಲಿ 100 ಯೂರೋ ಕೊಟ್ಟರೆ ಕೈಗೆ 1800. ಮಾರುಕಟ್ಟೆ ದರ 24 ಇದ್ದರೆ 600 ಕೊರುನಾ, ಅಂದರೆ ಸುಮಾರು 2400 ರೂಪಾಯಿ ಅಲ್ಲೇ ಸೋರಿಹೋಯಿತು. ನೋಟು ಒಳಗೆ ತಳ್ಳುವ ಮೊದಲು ಒಟ್ಟು ಎಷ್ಟು ಕೊರುನಾ ಕೊಡ್ತೀರಿ ಅಂತ ಕೇಳಿ, ಮೊಬೈಲಿನಲ್ಲಿ ಭಾಗಿಸಿ ನೋಡಿ.

ಆಗಲೇ ಕೊಟ್ಟುಬಿಟ್ಟಿದ್ದರೆ? ಬಹಳ ಜನಕ್ಕೆ ತಿಳಿಯದ ದಾರಿ ಒಂದಿದೆ. ಅದೇ 2019ರ ಕಾನೂನಿನ ಪ್ರಕಾರ 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು, ಶುಲ್ಕವಿಲ್ಲದೆ, ಕಾರಣ ಹೇಳದೆ. ರಸೀದಿ ಬೇಕು, ಅದರಲ್ಲಿ ಸಮಯ ಇರುತ್ತೆ. ಅದೇ ಕೌಂಟರಿಗೆ ವಾಪಸ್ ಹೋಗಿ, ಅವರು ಕೊಟ್ಟಷ್ಟೂ ಕೊರುನಾ ಮುಂದಿಟ್ಟು "ಸ್ಟೊರ್ನೊ" (ರದ್ದು ಮಾಡಿ) ಅನ್ನಿ. ಒಂದು ಕಾಫಿ ಕುಡಿದು ಆ ದುಡ್ಡು ಮುರಿದಿದ್ದರೆ ಗೋಳು, ಆದ್ದರಿಂದ ಪೂರ್ತಿ ಮೊತ್ತ ಹೊಂದಿಸಿಕೊಂಡೇ ಹೋಗಿ. ಒಪ್ಪದಿದ್ದರೆ ರಸೀದಿ ಮತ್ತು ಬೋರ್ಡಿನ ಫೋಟೊ ಇಟ್ಟುಕೊಳ್ಳಿ. ಈ ಅಂಗಡಿಗಳ ಮೇಲ್ವಿಚಾರಣೆ ಝೆಕ್ ನ್ಯಾಷನಲ್ ಬ್ಯಾಂಕಿನದು, ದೂರು ಅಲ್ಲಿಗೆ. ಬೀದಿಯಲ್ಲಿ ನಿಂತು "ಒಳ್ಳೇ ರೇಟ್ ಕೊಡ್ತೀನಿ" ಅನ್ನುವವರ ಹತ್ತಿರ ಮಾತ್ರ ಈ ರದ್ದಿನ ದಾರಿ ನಡೆಯಲ್ಲ: ಚಲಾವಣೆಯಲ್ಲಿಲ್ಲದ ಬೆಲರೂಸ್ ರೂಬಲ್ ಕೈಗಿಟ್ಟು ಮಾಯವಾಗುತ್ತಾರೆ.

ಮೆಟ್ರೊ ವಿಷಯಕ್ಕೆ ಬಂದರೆ, ನಮ್ಮ ಮೆಟ್ರೊ ಥರ ಗೇಟು ಇರುತ್ತೆ ಅಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಗೇಟೇ ಇಲ್ಲ. ಕಾಗದದ ಟಿಕೆಟ್ ಕೊಂಡರೆ ಎಸ್ಕಲೇಟರ್‌ಗೆ ಮೊದಲು ನಿಂತಿರುವ ಸಣ್ಣ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ಮಾಮೂಲಿ ಬಟ್ಟೆಯಲ್ಲಿರುವ ಪರೀಕ್ಷಕರು ಬ್ಯಾಡ್ಜ್ ತೋರಿಸಿ ಸ್ಥಳದಲ್ಲೇ ದಂಡ ಹಾಕುತ್ತಾರೆ, ಗೊತ್ತಿರಲಿಲ್ಲ ಅಂದರೆ ಕೇಳಲ್ಲ. ಒಂದೇ ಸಲ ಮುದ್ರೆ ಸಾಕು, ಬದಲಿಸಿ ಹತ್ತಿದಾಗಲೆಲ್ಲ ಬೇಡ. ಟ್ರಾಮ್ ಒಳಗೆ ಕಾರ್ಡ್ ತಾಗಿಸಿ ಕೊಂಡ ಟಿಕೆಟ್‌ಗೆ ಮುದ್ರೆಯೇ ಬೇಡ. ಆ್ಯಪ್ ಟಿಕೆಟ್ ಚಾಲೂ ಆಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಹತ್ತುವ ಮೊದಲೇ ಒತ್ತಿ. ಹಳೇ ಗೈಡುಗಳಲ್ಲಿ ಏರ್‌ಪೋರ್ಟಿಗೆ 119 ಬಸ್ ಅಂತ ಇರುತ್ತೆ. 2024ರಿಂದ ಅದರ ಜಾಗದಲ್ಲಿ 59ನೇ ನಂಬರಿನ ಟ್ರಾಲಿಬಸ್ ಓಡುತ್ತೆ, ನಾದ್ರಾಝಿ ವೆಲೆಸ್ಲಾವೀನ್ ಮೆಟ್ರೊವರೆಗೆ.

ದಿನ ಆರಿಸುವಾಗಲೂ ನೋಡಿಕೊಳ್ಳಿ. ಯಹೂದಿ ಕೇರಿಯ ಮ್ಯೂಸಿಯಂ, ಸಿನಗಾಗ್‌ಗಳು ಶನಿವಾರ ಬಾಗಿಲು ತೆರೆಯಲ್ಲ. ಕೋಟೆಯೊಳಗಿನ ಸಂತ ವಿಟಸ್ ಕೆಥೆಡ್ರಲ್‌ಗೆ ಭಾನುವಾರ ಬೆಳಿಗ್ಗೆ ಪ್ರವಾಸಿಗರನ್ನು ಬಿಡಲ್ಲ, ಪೂಜೆ ಮುಗಿದು ಮಧ್ಯಾಹ್ನವೇ ಪ್ರವೇಶ.

ಹಳೇ ಪಟ್ಟಣದ ಚೌಕದಲ್ಲಿ ಕೆಂಡದ ಮೇಲೆ ತಿರುಗುವ ಹಂದಿಮಾಂಸದ ಬೆಲೆ 100 ಗ್ರಾಮಿನದು. ನೀವು ತೂಕ ಹೇಳದಿದ್ದರೆ ಅವರೇ ದೊಡ್ಡ ತುಂಡು ಕತ್ತರಿಸಿ ತಟ್ಟೆಗೆ ಹಾಕುತ್ತಾರೆ, ಬಿಲ್ ಮೂರ್ನಾಲ್ಕು ಪಟ್ಟು. ಸಸ್ಯಾಹಾರಿಗಳಿಗೆ ಈ ತಾಪತ್ರಯ ಇಲ್ಲ, ಆದರೆ ಆಲೂಗಡ್ಡೆ ಸೂಪು ಮಾಂಸದ ಸಾರಿನಲ್ಲಿ ಬೇಯಿಸಿದ್ದಾ ಅಂತ ಕೇಳಲೇಬೇಕು.

ಜೇಬುಗಳ್ಳರಿಗೆ ಅನುಕೂಲ ಎರಡು ಜಾಗ. ಗಂಟೆಗೊಮ್ಮೆ ಖಗೋಳ ಗಡಿಯಾರದ ಕೆಳಗೆ ಎಲ್ಲರೂ ತಲೆಯೆತ್ತಿ ಮೊಬೈಲ್ ಹಿಡಿದಾಗ ಒಂದು, ಕೋಟೆಗೆ ಹೋಗುವ 22ನೇ ಟ್ರಾಮ್ ಬಾಗಿಲಲ್ಲಿ ಒಬ್ಬ ಅಡ್ಡ ನಿಂತಾಗ ಇನ್ನೊಂದು. ಬ್ಯಾಗು ಎದೆ ಮುಂದೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿ.

ಯಾರಾದರೂ "ಪೊಲೀಸ್" ಅಂತ ಕಾರ್ಡ್ ತೋರಿಸಿ, ಖೋಟಾ ನೋಟು ಪರೀಕ್ಷಿಸಬೇಕು, ಪರ್ಸ್ ಕೊಡಿ ಅಂದರೆ ಕೊಡಬೇಡಿ. ಅವರೆದುರೇ 158ಕ್ಕೆ ಫೋನ್ ಮಾಡಿ, ಠಾಣೆಗೇ ಬರ್ತೀನಿ ಅನ್ನಿ. ನಿಜವಾಗಿ ಏನಾದರೂ ಕಳುವಾದರೆ ವೆನ್ಸೆಸ್ಲಾಸ್ ಚೌಕದ ತುದಿಗೆ ಹತ್ತಿರವೇ ಯುಂಗ್‌ಮನ್ನೊವೊ ನಾಮೆಸ್ತಿ 9ರಲ್ಲಿ ಠಾಣೆ ಇದೆ. ಪ್ರವಾಸಿಗರಿಗೆ ದುಭಾಷಿಯ ನೆರವು ಅಲ್ಲಿ ಸಿಗುತ್ತೆ. ದೂರಿನ ಪ್ರತಿ ಕೇಳಿ ಪಡೆಯಿರಿ. ಇನ್ಶೂರೆನ್ಸ್‌ನವರಿಗೂ, ಪಾಸ್‌ಪೋರ್ಟ್ ಹೋಗಿದ್ದರೆ ಅಲ್ಲೇ ಊರಿನಲ್ಲಿರುವ ಭಾರತದ ರಾಯಭಾರ ಕಚೇರಿಗೂ ಅದನ್ನೇ ಕೊಡಬೇಕಾಗುತ್ತೆ.