ಓದು ಮುಗಿಯುವ ಮೊದಲಿನ ಮಾತು: ವಾಟ್ಸ್ಆ್ಯಪ್, ಪೆನ್ಸಿಲ್, ವಾಚನ

ಪುಸ್ತಕವನ್ನು ಓದಿ ಮುಗಿಸಿದ ಮೇಲೆ ಆಡುವ ಮಾತು ಒಂದು ಬಗೆಯದಾದರೆ, ಮುಂದೇನಾಗುವುದೋ ತಿಳಿಯದೆ ನಡುದಾರಿಯಲ್ಲಿ ನಿಂತು, ಅರ್ಧ ಮೂಡಿದ ಅನಿಸಿಕೆಯನ್ನು ಇನ್ನೊಬ್ಬ ಓದುಗರ ಮುಂದಿಡುವುದು ಬೇರೆಯೇ ಬಗೆಯದು. ಈ ಎರಡನೆಯದಕ್ಕೆ ಯಾವ ದಾರಿ ಹೆಚ್ಚು ಒಗ್ಗುತ್ತದೆಂದು ತಿಳಿಯುವ ಆಸೆಯಿಂದ ನಾವು ಮೂವರು ಕಳೆದ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಕಾದಂಬರಿಯನ್ನು ಒಟ್ಟಿಗೆ ಓದಿದೆವು. ನಾನು ಮೈಸೂರಿನಲ್ಲಿದ್ದೇನೆ, ಒಬ್ಬ ಗೆಳತಿ ಶಿವಮೊಗ್ಗದವರು, ಇನ್ನೊಬ್ಬ ಗೆಳೆಯ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾರೆ. ಕಾದಂಬರಿಯ ಮೊದಲ ಭಾಗಕ್ಕೆ ವಾಟ್ಸ್ಆ್ಯಪ್ ಸಂದೇಶ, ನಡುವಿನ ಭಾಗಕ್ಕೆ ಪುಟದ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ, ಕೊನೆಯ ಭಾಗಕ್ಕೆ ಭಾನುವಾರದ ವಾಚನ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು.

ನಾವು ಆರಿಸಿಕೊಂಡದ್ದು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಈ ಪ್ರಯೋಗಕ್ಕೆ ಇದಕ್ಕಿಂತ ತಕ್ಕ ಪುಸ್ತಕ ನಮಗೆ ಹೊಳೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ತೀರ್ಥಹಳ್ಳಿ ಸೀಮೆಯಲ್ಲಿ ನಡೆಯುವ ಈ ಕಥೆಗೆ ಒಬ್ಬ ನಾಯಕನಿಲ್ಲ. ಹುಲಿಯನೆಂಬ ನಾಯಿಯೊಡನೆ ಕಾಡುದಾರಿ ನಡೆಯುವ ಗುತ್ತಿ ಮತ್ತು ತಿಮ್ಮಿ, ಮುಕುಂದಯ್ಯ ಮತ್ತು ಚಿನ್ನಮ್ಮ, ಐತ ಮತ್ತು ಪೀಂಚಲು, ಹೀಗೆ ಹಲವು ಜೋಡಿಗಳ ಬದುಕು ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತದೆ. ಆದ್ದರಿಂದ ಒಂದೇ ಪುಟದಲ್ಲಿದ್ದ ಮೂವರು ಓದುಗರ ಮನಸ್ಸು ಮೂರು ಕಡೆ ಇರುತ್ತಿತ್ತು. ‘ನೀವು ಈಗ ಯಾರ ಜೊತೆಗಿದ್ದೀರಿ?’ ಎಂಬುದೇ ನಮ್ಮ ನಡುವಿನ ಮೊದಲ ಪ್ರಶ್ನೆಯಾಗಿ ಉಳಿಯಿತು.

ವಾಟ್ಸ್ಆ್ಯಪ್‌ನ ದೊಡ್ಡ ಗುಣವೆಂದರೆ ಬಿಸಿ ಆರುವ ಮೊದಲೇ ಮಾತು ತಲುಪುವುದು. ರಾತ್ರಿ ಹನ್ನೊಂದಕ್ಕೆ ನಾನು ಓದನ್ನು ನಿಲ್ಲಿಸಿದಾಗ ಡಬ್ಲಿನ್‌ನಲ್ಲಿ ಇನ್ನೂ ಸಂಜೆ; ನನ್ನ ಕೊನೆಯ ಸಾಲನ್ನು ಓದಿಯೇ ಅವರು ತಮ್ಮ ಓದನ್ನು ಆರಂಭಿಸುತ್ತಿದ್ದರು. ಆದರೆ ಮೂರು ವಾರ ಕಳೆದ ಮೇಲೆ ಹಿಂದಿರುಗಿ ನೋಡಿದಾಗ ಆ ಸಂದೇಶಗಳಲ್ಲಿ ಹೆಚ್ಚಿನವು ಮೆಚ್ಚುಗೆಯ ಉದ್ಗಾರಗಳಾಗಿದ್ದವು; ಯಾವ ಸಾಲಿಗೆ ಮೆಚ್ಚಿದೆವು, ಏಕೆ ಮೆಚ್ಚಿದೆವು ಎಂಬುದು ಬರೆದವರಿಗೇ ನೆನಪಿರಲಿಲ್ಲ. ಕೈಬೆರಳು ಅವಸರಪಡುವಾಗ ಮನಸ್ಸು ತನ್ನ ಅನುಮಾನವನ್ನು ಪೂರ್ತಿಯಾಗಿ ಹೇಳುವುದಿಲ್ಲ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು. ಇನ್ನೂ ನೋವಿನ ಸಂಗತಿಯೊಂದು ನಡೆಯಿತು. ನಮ್ಮಲ್ಲಿ ನಾನು ಮಾತ್ರ ಈ ಕಾದಂಬರಿಯನ್ನು ಎರಡನೆಯ ಸಲ ಓದುತ್ತಿದ್ದೆ. ಒಂದು ರಾತ್ರಿ ಹುಲಿಯನ ಮೇಲಿನ ಪ್ರೀತಿಯ ಭರದಲ್ಲಿ, ಕೊನೆಯಲ್ಲಿ ಆ ನಾಯಿಗೆ ಏನಾಗುತ್ತದೆಂಬುದನ್ನು ಸೂಚಿಸುವ ಒಂದು ವಾಕ್ಯವನ್ನು ಬರೆದುಬಿಟ್ಟೆ. ಅಳಿಸುವಷ್ಟರಲ್ಲಿ ಗೆಳತಿ ಅದನ್ನು ಓದಿಯಾಗಿತ್ತು. ಅವರು ಬೇಸರ ತೋರಿಸಲಿಲ್ಲ, ಆದರೆ ಗುತ್ತಿಯ ಹಿಂದೆ ಹುಲಿಯ ಬರುವ ಪುಟಗಳನ್ನು ಆಮೇಲೆ ತಾವು ನಿಶ್ಚಿಂತೆಯಿಂದ ಓದಲಾಗಲಿಲ್ಲವೆಂದು ಹೇಳಿದರು. ಆ ಪುಟಗಳ ಸಹಜ ಸುಖವನ್ನು ನಾನು ಅವರಿಂದ ಕಸಿದುಕೊಂಡೆನೆಂಬ ವ್ಯಥೆ ನನಗೆ ಇಂದಿಗೂ ಇದೆ.

ಈ ವಿಧಾನಕ್ಕೆ ನ್ಯಾಯ ಸಲ್ಲಿಸಲು ಒಂದು ಮಾತನ್ನು ಸೇರಿಸಬೇಕು. ಮೊದಲ ಭಾಗದಲ್ಲಿ ಮನೆತನಗಳ ಮತ್ತು ಊರುಗಳ ಹೆಸರುಗಳೇ ಬಾಯಿಗೆ ಬಂದಿರಲಿಲ್ಲ. ಯಾರು ಯಾರ ಸಂಬಂಧಿ ಎಂದು ಕೇಳಿ ತಿಳಿಯುವುದರಲ್ಲೇ ಅರ್ಧ ಮಾತು ಮುಗಿಯುತ್ತಿತ್ತು. ಅಂಥ ಸಣ್ಣ ಪ್ರಶ್ನೆಗಳಿಗೆ ಸಂದೇಶಕ್ಕಿಂತ ಒಳ್ಳೆಯ ಸಾಧನವಿಲ್ಲ.

ನಡುವಿನ ಭಾಗಕ್ಕೆ ಬಂದಾಗ ಒಂದೇ ಪ್ರತಿಯನ್ನು ಮೈಸೂರಿಗೂ ಶಿವಮೊಗ್ಗಕ್ಕೂ ಅಂಚೆಯಲ್ಲಿ ಓಡಾಡಿಸಿದೆವು. ಡಬ್ಲಿನ್‌ನ ಗೆಳೆಯರು ತಮ್ಮ ಪ್ರತಿಯಲ್ಲಿ ಬರೆದು ಪುಟಗಳ ಚಿತ್ರವನ್ನು ಕಳುಹಿಸುತ್ತಿದ್ದರು. ಅವರ ಮಾತನ್ನು ನಾವು ನಮ್ಮ ಪ್ರತಿಗೆ ಇಳಿಸಿಕೊಳ್ಳುತ್ತಿದ್ದೆವು. ನನ್ನದು ಸೀಸದ ಕಡ್ಡಿ, ಗೆಳತಿಯದು ನೀಲಿ, ಗೆಳೆಯರದು ಕೆಂಪು. (ಸ್ವಂತ ಪ್ರತಿಯಲ್ಲದೆ ಗ್ರಂಥಾಲಯದ ಪುಸ್ತಕದಲ್ಲಿ ಹೀಗೆ ಬರೆಯಬಾರದೆಂದು ಬೇರೆ ಹೇಳಬೇಕಿಲ್ಲ.) ಅಂಚಿನ ಜಾಗ ಎರಡು ಬೆರಳಗಲವಷ್ಟೇ ಇರುವುದರಿಂದ ಬರೆಯುವ ಮೊದಲು ಮಾತನ್ನು ತೂಗಬೇಕಾಗುತ್ತಿತ್ತು, ಮತ್ತು ಬರೆದದ್ದು ತಾನು ಹುಟ್ಟಿದ ಸಾಲಿನ ಪಕ್ಕದಲ್ಲೇ ಉಳಿಯುತ್ತಿತ್ತು. ‘ಹಾಡ್ಯ’ ಎಂಬ ಪದಕ್ಕೆ ನಾನು ಬರಿಯ ‘ಕಾಡು’ ಎಂದು ಅರ್ಥ ಬರೆದಿದ್ದ ಕಡೆ, ಊರಿಗೆ ಹತ್ತಿರದ ಸಣ್ಣ ಕಾಡಿಗೆ ಮಾತ್ರ ತಮ್ಮ ಕಡೆ ಹಾಗೆನ್ನುತ್ತಾರೆಂದು ನೀಲಿ ಅಕ್ಷರಗಳು ತಿದ್ದಿದವು. ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆಯನ್ನು ಹೇಗೆ ಮಡಿಸುತ್ತಾರೆಂದು ಅವರು ಅಂಚಿನಲ್ಲಿ ಪುಟ್ಟ ಚಿತ್ರವನ್ನೇ ಬರೆದಿದ್ದರು. ಬಯಲುಸೀಮೆಯಲ್ಲಿ ಬೆಳೆದ ನನಗೆ ಮಳೆಗಾಲದ ಮಲೆನಾಡು ಆ ಚಿತ್ರದಿಂದ ಕಣ್ಣಿಗೆ ಕಟ್ಟಿದಂತೆ ಬೇರೆ ಯಾವ ವಿವರಣೆಯಿಂದಲೂ ಕಟ್ಟಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಚಿನ್ನಮ್ಮನ ಬಗ್ಗೆ ನಾನು ಮೊದಲು ಬರೆದ ಅಭಿಪ್ರಾಯ ನಲವತ್ತು ಪುಟಗಳ ನಂತರ ತಪ್ಪೆಂದು ನನಗೇ ಕಂಡಾಗ, ಅದನ್ನು ಅಳಿಸದೆ ಕೆಳಗೆ ಹೊಸ ಮಾತನ್ನು ಬರೆದೆ. ಒಬ್ಬ ಓದುಗನ ಮನಸ್ಸು ಎಲ್ಲಿ ತಿರುಗಿತೆಂಬುದಕ್ಕೆ ಆ ಪುಟ ಸಾಕ್ಷಿಯಾಗಿ ಉಳಿದಿದೆ.

ಈ ವಿಧಾನದ ಕೊರತೆ ನಿಧಾನ. ನನ್ನ ಪ್ರಶ್ನೆಗೆ ಉತ್ತರ ಬರಲು ಎರಡು ವಾರ ಬೇಕಾಗುತ್ತಿತ್ತು, ಮತ್ತು ಪುಸ್ತಕ ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರು ಸುಮ್ಮನೆ ಕಾಯಬೇಕಿತ್ತು.

ಕೊನೆಯ ಭಾಗವನ್ನು ಪ್ರತಿ ಭಾನುವಾರ ಒಂದೂವರೆ ಗಂಟೆ, ವಿಡಿಯೊ ಕರೆಯಲ್ಲಿ ಸರದಿಯಂತೆ ಗಟ್ಟಿಯಾಗಿ ಓದಿದೆವು. ಯಾರಿಗೆ ಏನು ಹೇಳಬೇಕೆನಿಸಿದರೂ ಕೈಯೆತ್ತಿ ಓದನ್ನು ನಿಲ್ಲಿಸಬಹುದಿತ್ತು. ಇದು ನಮ್ಮ ನಾಡಿಗೆ ಹೊಸತಲ್ಲ. ಗಮಕಿಯೊಬ್ಬರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗವಾಗಿ ವಾಚಿಸಿ ನಿಲ್ಲಿಸುವುದು, ವ್ಯಾಖ್ಯಾನಕಾರರು ಅಲ್ಲಿಂದ ಮಾತನ್ನು ಎತ್ತಿಕೊಳ್ಳುವುದು, ಕೇಳುವವರು ಮುಂದಿನ ಪದ್ಯಕ್ಕೆ ಕಾಯುವುದು, ಇವೆಲ್ಲ ಓದು ನಡೆಯುತ್ತಿರುವಾಗಲೇ ಅದನ್ನು ಹಂಚಿಕೊಳ್ಳುವ ಹಳೆಯ ಕ್ರಮ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಇಂದಿಗೂ ಗಮಕಕ್ಕೆ ಹೆಸರಾದ ಊರು. ಆ ಕಲೆಗಾಗಿ ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಗಟ್ಟಿಯಾಗಿ ಓದಿದಾಗ ಕಾದಂಬರಿಯ ಸಂಭಾಷಣೆಗಳು ಬೇರೆಯಾಗಿಯೇ ಕೇಳಿಸಿದವು. ನಾನು ಕಣ್ಣಿನಿಂದ ಓದುವಾಗ ಎಲ್ಲರ ಮಾತಿಗೂ ಒಂದೇ ದನಿ ಇತ್ತು. ಮಲೆನಾಡಿನ ಆಡುಮಾತು ಬಲ್ಲ ಗೆಳತಿಯ ಬಾಯಲ್ಲಿ ಒಡೆಯರ ಮಾತಿನ ಗತ್ತು ಒಂದು, ಆಳಿನ ಮಾತಿನ ಅಂಜಿಕೆ ಇನ್ನೊಂದು ಆಯಿತು. ಅದನ್ನು ಕೇಳಿದ ಮೇಲೆ ಜೀತದ ಬಗ್ಗೆ ನಾವು ಆಡಿದ ಮಾತು ಆ ತಿಂಗಳುಗಳಲ್ಲಿ ಆಡಿದ ಎಲ್ಲ ಮಾತಿಗಿಂತ ಆಳವಾಗಿತ್ತು ಎಂದು ನಾನು ನಂಬುತ್ತೇನೆ. ಯಾರೂ ಯಾರಿಗಿಂತ ಮುಂದೆ ಓದಿರುತ್ತಿರಲಿಲ್ಲವಾದ್ದರಿಂದ ಗುಟ್ಟು ಒಡೆಯುವ ಭಯವೂ ಕಡಿಮೆ. ಮೊದಲೇ ಓದಿದ್ದ ನಾನು ಬಾಯಿ ಬಿಗಿಹಿಡಿದರೆ ಸಾಕಾಗಿತ್ತು. ಆದರೆ ಆ ಮಾತುಗಳಲ್ಲಿ ಉಳಿದದ್ದು ಬಹಳ ಸ್ವಲ್ಪ. ಜೀತದ ಬಗ್ಗೆ ಡಬ್ಲಿನ್‌ನ ಗೆಳೆಯರು ಹೇಳಿದ ಒಂದು ಮಾತು ನನ್ನ ಓದನ್ನೇ ಬದಲಿಸಿತ್ತು; ಅದು ಯಾವ ಪುಟದ್ದು, ಅವರು ಯಾವ ಪದ ಬಳಸಿದರು ಎಂದು ಇಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಖಚಿತವಾಗಿ ಹೇಳಲಾಗುವುದಿಲ್ಲ.

ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಪೆನ್ಸಿಲನ್ನು ಆರಿಸುತ್ತೇನೆ. ವಾಚನದ ಸುಖ ಹೆಚ್ಚಿನದು, ನಿಜ. ಆದರೆ ನನ್ನ ಅಪಕ್ವ ಅನಿಸಿಕೆ ಇನ್ನೊಬ್ಬರ ಅನುಭವಕ್ಕೆ ತಗಲಿ ತಿದ್ದಿಕೊಂಡದ್ದು ಕಣ್ಣಿಗೆ ಕಾಣುವಂತೆ ಉಳಿದಿರುವುದು ಆ ಅಂಚುಗಳಲ್ಲಿ ಮಾತ್ರ. ಗೆಳತಿ ಇದನ್ನು ಒಪ್ಪುವುದಿಲ್ಲ. ಅವರಿಗೆ ಭಾನುವಾರವೇ ಬೇಕು. ಹಾಗಾಗಿ ಈ ಜನವರಿಯಲ್ಲಿ ಕುಮಾರವ್ಯಾಸನ ಉದ್ಯೋಗಪರ್ವವನ್ನು ಹಿಡಿದಾಗ ವಾಚನವನ್ನು ಉಳಿಸಿಕೊಂಡು, ಪ್ರತಿ ಪದ್ಯದ ನಂತರ ಎರಡು ನಿಮಿಷ ಮೌನವಾಗಿ ಬರೆಯುವ ಏರ್ಪಾಡು ಮಾಡಿಕೊಂಡಿದ್ದೇವೆ. ವಾಟ್ಸ್ಆ್ಯಪ್‌ನಲ್ಲಿ ಈಗ ಬರುವುದು ಮುಂದಿನ ವಾರದ ಪದ್ಯಸಂಖ್ಯೆ ಮಾತ್ರ.