ಮೂರು ಅಚ್ಚಿಗೆ ಮೂರು ಎಚ್‌ಪಿ: ದಾವಣಗೆರೆಯಲ್ಲಿ ಮಾಡಿಸಿದ ಹೈಡ್ರಾಲಿಕ್ ಪವರ್ ಪ್ಯಾಕ್

ಅಡಿಕೆ ಹಾಳೆ ತಟ್ಟೆ ಮಷೀನಿಗೆ ಪವರ್ ಪ್ಯಾಕ್ (ಆಯಿಲ್ ದೂಡಿ ಅಚ್ಚು ಒತ್ತಿಸುವ ಮೋಟಾರು, ಪಂಪು, ಟ್ಯಾಂಕಿನ ಜೋಡಣೆ) ಬೇಕು ಅಂತ ಎಲ್ಲಿ ಹೋಗಿ ನಿಂತರೂ ಮೊದಲು ಬರುವ ಪ್ರಶ್ನೆ "ಎಷ್ಟು ಎಚ್‌ಪಿ ಹಾಕಲಿ?" ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ಸರಿದು ಹೋದರೆ ಸಿಗುವ ಈ ಶೆಡ್ಡಿನಲ್ಲಿ ಹಾಗೆ ಕೇಳಲಿಲ್ಲ. "ಅಕ್ಕಾರೆ, ಹಾಳೆ ಇಟ್ಟ ಮೇಲೆ ಎಷ್ಟು ಹೊತ್ತು ಒತ್ತಿ ಹಿಡೀತೀರಿ? ಆ ಹೊತ್ತಿನಾಗ ಪಂಪು ಏನ್ ಮಾಡ್ತಿರ್ತದೆ?" ಅಂದರು. ಎರಡನೇ ಪ್ರಶ್ನೆ ಕೇಳಿದ ಕೂಡಲೇ ಇವರು ಕೆಲಸ ಗೊತ್ತಿದ್ದವರು ಅನ್ನಿಸಿತು. ಅವರು ಕಟ್ಟಿಕೊಟ್ಟ ಪ್ಯಾಕ್ ಈಗ ಒಂದು ಬೇಸಿಗೆ ಪೂರ್ತಿ ದುಡಿದಿದೆ. ನಮ್ಮಂಥ ಸಣ್ಣ ಯೂನಿಟ್ ನಡೆಸುವವರಿಗೆ ಉಪಯೋಗವಾಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಲೋಪಗಳೂ ಇವೆ, ಅವನ್ನೂ ಹೇಳುತ್ತೇನೆ.

ನಮ್ಮದು ಚನ್ನಗಿರಿ ತಾಲ್ಲೂಕು. ಸ್ವಂತ ತೋಟದ ಹಾಳೆ, ಅಕ್ಕಪಕ್ಕದವರ ತೋಟದ್ದು, ಎಲ್ಲ ಸೇರಿಸಿ ಮಳೆ ಹಿಡಿಯುವ ಮುಂಚೆ ಒಣಗಿಸಿ ಕೂಡಿಟ್ಟುಕೊಳ್ಳುತ್ತೇವೆ. ಮಷೀನಿಗೆ ಮೂರು ಅಚ್ಚು, ಪ್ರತಿ ಅಚ್ಚಿಗೂ 80 ಮಿ.ಮೀ. ಬೋರಿನ (ಒಳ ಅಗಲದ) ಒಂದು ಸಿಲಿಂಡರ್, 15 ಸೆಂ.ಮೀ. ಸ್ಟ್ರೋಕ್, ಅಂದರೆ ಅದು ಇಳಿದು ಏರುವ ದೂರ. ನೆನೆಸಿ ತೊಳೆದ ಹಾಳೆಯನ್ನು ಕಾದ ಅಚ್ಚಿನ ಮೇಲಿಟ್ಟು ಒತ್ತಿದರೆ ಹಬೆ ಹೊರಟು, ಹಾಳೆ ಒಣಗಿ, ತಟ್ಟೆಯ ಆಕಾರಕ್ಕೆ ಕೂರುತ್ತದೆ. ಅಚ್ಚು ಇಳಿಯುವುದು, ಏರುವುದು ಕೆಲವೇ ಸೆಕೆಂಡಿನ ಕೆಲಸ. ಉಳಿದ ಹೊತ್ತೆಲ್ಲ ಸುಮ್ಮನೆ ಒತ್ತಿ ಹಿಡಿದಿರಬೇಕು. ಈ ಮಷೀನಿನ ಗುಟ್ಟು ಇರುವುದೇ ಆ ಹಿಡಿದಿರುವ ಹೊತ್ತಿನಲ್ಲಿ.

ಮೊದಲು ನಮ್ಮಲ್ಲಿದ್ದದ್ದು ಹೊರಗಿನಿಂದ ತರಿಸಿದ ರೆಡಿಮೇಡ್ ಪ್ಯಾಕ್: ಏಳೂವರೆ ಎಚ್‌ಪಿ ಮೋಟಾರು, ಒಂದು ಸುತ್ತಿಗೆ 16 ಸಿಸಿ ಆಯಿಲ್ ದೂಡುವ ಒಂದೇ ಗೇರ್ ಪಂಪು. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಆ ಪಂಪು ಸುಮಾರು 23 ಲೀಟರ್ ಆಯಿಲ್ ದೂಡುತ್ತದೆ. ಅಚ್ಚು ಬೇಗ ಇಳಿಯುತ್ತಿತ್ತು, ಅದರಲ್ಲಿ ದೂರಿಲ್ಲ. ಆದರೆ ಅಚ್ಚು ಕೂತು ಸಿಲಿಂಡರ್ ನಿಂತ ಮೇಲೂ ಪಂಪು ಅದೇ 23 ಲೀಟರನ್ನು ಅದೇ 120 ಬಾರ್ ಒತ್ತಡದಲ್ಲಿ ದೂಡುತ್ತಲೇ ಇತ್ತು. ಹೋಗಲು ಬೇರೆ ದಾರಿಯಿಲ್ಲದೆ ಅಷ್ಟೂ ಆಯಿಲ್ ರಿಲೀಫ್ ವಾಲ್ವ್ (ಒತ್ತಡ ಮಿತಿ ಮುಟ್ಟಿದರೆ ತೆರೆಯುವ ವಾಲ್ವ್) ಸೀಳಿಕೊಂಡು ಟ್ಯಾಂಕಿಗೆ ವಾಪಸ್. ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. ಇಲ್ಲಿ 4.6. ಒಂದು ಕೆಲಸವೂ ಆಗದೆ ಅದಷ್ಟೂ ಶಾಖವಾಗುತ್ತದೆ. ಸ್ನಾನದ ನೀರು ಕಾಯಿಸುವ ಕಾಯಿಲ್ ಮೂರನ್ನು ಒಟ್ಟಿಗೆ ಆಯಿಲ್ ಟ್ಯಾಂಕಿನೊಳಗೆ ಇಳಿಬಿಟ್ಟಂತೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಆಯಿಲ್ 80 ಡಿಗ್ರಿ ದಾಟಿದರೆ ನೈಟ್ರೈಲ್ ರಬ್ಬರಿನ ಸೀಲು ಗಟ್ಟಿಯಾಗಿ ಬಿರುಕು ಬಿಡುತ್ತದೆ, ರಾಡಿನ ಪಕ್ಕ ಆಯಿಲ್ ಜಿನುಗುತ್ತದೆ. ಜನ ಊಟ ಮಾಡುವ ತಟ್ಟೆ ಅದು. ಆಯಿಲಿನ ಒಂದು ಹನಿ ಬಿದ್ದರೂ ಆ ತಟ್ಟೆ ಸೌದೆಗೆ. ಇದಕ್ಕೆ ರಾಜಿ ಇಲ್ಲ ಅಂತ ಯೂನಿಟ್ ಶುರು ಮಾಡಿದ ದಿನದಿಂದ ಹೇಳಿಕೊಂಡು ಬಂದಿದ್ದೇನೆ.

ಶೆಡ್ಡಿಗೆ ಬೋರ್ಡಿಲ್ಲ. ಎದುರಿಗೇ ಹರಿಹರದಲ್ಲಿ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್ ಇದೆ, ಇವತ್ತಿಗೂ ಅದರ ಮೇಲೇ ಕೆಲಸ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಅಲ್ಲಿ ಪಳಗಿದ ಕೈಗಳ ಕೆಲಸ ಮಾತ್ರ ಈ ಭಾಗದ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ಕಾಣುತ್ತದೆ. ಈ ಶೆಡ್ಡಿನ ಯಜಮಾನರೂ ಅಂಥ ಒಬ್ಬ ಮೇಸ್ತ್ರಿಯ ಕೈಕೆಳಗೆ ಕಲಿತವರು. ನಾನು ದಾವಣಗೆರೆಯಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು, ಹಾಗಾಗಿ ಲೆಕ್ಕ ತೋರಿಸಿ ಅಂದೆ. ಬೇಸರ ಮಾಡಿಕೊಳ್ಳದೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು.

ಅವರು ಹಾಕಿದ್ದು ಒಂದೇ ಶಾಫ್ಟಿನ ಮೇಲೆ ಎರಡು ಪಂಪು: ಒಂದು 12 ಸಿಸಿ, ಇನ್ನೊಂದು 4 ಸಿಸಿ. ಅಚ್ಚು ಖಾಲಿ ಇಳಿಯುವಾಗ ಎರಡೂ ಸೇರಿ 23 ಲೀಟರ್ ಕೊಡುತ್ತವೆ, 15 ಸೆಂ.ಮೀ. ಇಳಿಯಲು ಎರಡು ಸೆಕೆಂಡ್ ಸಾಕು. ಅಚ್ಚು ಹಾಳೆಗೆ ತಾಗಿ ಒತ್ತಡ 30 ಬಾರ್ ಮುಟ್ಟಿದ ತಕ್ಷಣ ಅನ್‌ಲೋಡಿಂಗ್ ವಾಲ್ವ್ ತೆರೆದುಕೊಂಡು ದೊಡ್ಡ ಪಂಪಿನ ಆಯಿಲ್ ಒತ್ತಡವಿಲ್ಲದೆ ಟ್ಯಾಂಕಿಗೆ ಹರಿಯುತ್ತದೆ. ಅಲ್ಲಿಂದ 120 ಬಾರ್‌ವರೆಗೆ, ಅಂದರೆ ಸುಮಾರು ಆರು ಟನ್ ಒತ್ತುವವರೆಗೆ, ದುಡಿಯುವುದು ಸಣ್ಣ ಪಂಪು ಒಂದೇ. ಲೆಕ್ಕದ ಚಂದ ನೋಡಿ: 23 ಲೀಟರ್ 30 ಬಾರ್‌ಗೂ, ಸುಮಾರು ಆರು ಲೀಟರ್ 120 ಬಾರ್‌ಗೂ ಬೇಕಾದ ಶಕ್ತಿ ಹೆಚ್ಚುಕಡಿಮೆ ಒಂದೇ. ಪಂಪಿನ ನಷ್ಟ ಹಿಡಿದರೂ ಒಂದೂವರೆ ಕಿಲೋವಾಟ್ ಒಳಗೆ. 30 ಅನ್ನುವ ಅಂಕಿಯನ್ನು ಅವರು ಅಂದಾಜಿನಲ್ಲಿ ಇಟ್ಟದ್ದಲ್ಲ. ಎರಡೂ ಹಂತದಲ್ಲಿ ಮೋಟಾರಿನ ಮೇಲೆ ಸಮನಾದ ಭಾರ ಬೀಳಲಿ ಅಂತ ಇಟ್ಟದ್ದು.

ಹಾಗಾದರೆ ಎರಡು ಎಚ್‌ಪಿ ಸಾಕಲ್ಲ ಅಂದೆ. "ಲೆಕ್ಕಕ್ಕೆ ಸಾಕ್ರಿ, ನಿಮ್ಮೂರಿನ ಕರೆಂಟಿಗೆ ಸಾಲಲ್ಲ" ಅಂದರು. ವೋಲ್ಟೇಜ್ ಇಳಿದಾಗ ಮೋಟಾರಿನ ಬಲ ಅದರ ವರ್ಗದಷ್ಟು ಇಳಿಯುತ್ತದೆ: ವೋಲ್ಟೇಜ್ ಶೇಕಡ 80 ಇದ್ದರೆ ಬಲ ಶೇಕಡ 64 ಮಾತ್ರ. ಅದಕ್ಕೇ ಮೂರು ಎಚ್‌ಪಿ. ಏಳೂವರೆಯಿಂದ ಮೂರಕ್ಕೆ ಇಳಿದದ್ದು ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೂ ಗೊತ್ತಾಗುತ್ತಿದೆ.

ಇನ್ನು ಹಿಡಿದಿಡುವ ವಿಷಯ. ಮೂರು ಸಿಲಿಂಡರಿಗೆ ಪಂಪು ಲೈನ್ ಒಂದೇ. ಮೊದಲ ಅಚ್ಚು ಒತ್ತಿ ನಿಂತಿರುವಾಗ ಎರಡನೆಯದನ್ನು ಇಳಿಸಿದರೆ ಲೈನಿನ ಒತ್ತಡ ಕುಸಿಯುತ್ತದೆ, ಮೊದಲನೆಯ ತಟ್ಟೆಯ ಅಂಚು ಸರಿಯಾಗಿ ಕೂರುವುದಿಲ್ಲ. ಹಳೇ ಪ್ಯಾಕಿನಲ್ಲಿ ನಮ್ಮ ಹೆಣ್ಣುಮಕ್ಕಳು ಇದಕ್ಕಾಗಿಯೇ ಮೂರೂ ಅಚ್ಚಿಗೆ ಹಾಳೆ ಇಟ್ಟು ಮುಗಿಯುವವರೆಗೆ ಕಾಯುತ್ತಿದ್ದರು. ಇವರು ಪ್ರತಿ ಸಿಲಿಂಡರಿಗೂ ಪೈಲಟ್ ಚೆಕ್ ವಾಲ್ವ್ (ನಾವು ತೆರೆಸುವವರೆಗೆ ಆಯಿಲನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿದರು. ಒತ್ತಡ ಏರಿದ ಮೇಲೆ ಆಯಿಲ್ ಅಲ್ಲೇ ಬೀಗ ಹಾಕಿದ ಹಾಗೆ ನಿಲ್ಲುತ್ತದೆ, ಲೈನಿನಲ್ಲಿ ಏನೇ ಆದರೂ ಅದಕ್ಕೆ ಸಂಬಂಧವಿಲ್ಲ. ಈ ಚೆಕ್ ವಾಲ್ವ್ ಬಿಗಿಯಾಗಿ ಮುಚ್ಚಬೇಕಾದರೆ ಅದರ ಹಿಂದಿನ ಒತ್ತಡ ಪೂರ್ತಿ ಇಳಿಯಬೇಕು. ಅದಕ್ಕಾಗಿ ಅಚ್ಚನ್ನು ಇಳಿಸಿ ಏರಿಸುವ ಡೈರೆಕ್ಷನ್ ವಾಲ್ವಿನ ನಡು ಸ್ಥಾನದಲ್ಲಿ ಪಂಪಿನ ಬಾಯಿ ಮುಚ್ಚಿ, ಸಿಲಿಂಡರಿನ ಎರಡೂ ಬಾಯಿ ಟ್ಯಾಂಕಿಗೆ ತೆರೆದಿರುವ ಸ್ಪೂಲನ್ನೇ (ವಾಲ್ವಿನೊಳಗೆ ಸರಿದಾಡಿ ದಾರಿ ಬದಲಿಸುವ ಭಾಗ) ಹುಡುಕಿ ಹಾಕಿದ್ದಾರೆ. ನಡುವಿನಲ್ಲಿ ಪಂಪನ್ನು ಟ್ಯಾಂಕಿಗೆ ಬಿಡುವ ಸ್ಪೂಲು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಒಂದೇ ಸಿಲಿಂಡರಿನ ಪ್ರೆಸ್ಸಿಗೆ ಅದು ಸರಿ. ಅಂಥವು ಮೂರನ್ನು ಸಾಲಾಗಿ ಕೂರಿಸಿದರೆ ಸುಮ್ಮನಿರುವ ವಾಲ್ವಿನ ಮೂಲಕವೇ ಒತ್ತಡವೆಲ್ಲ ಸೋರಿಹೋಗಿ ಮಷೀನು ಒತ್ತುವುದೇ ಇಲ್ಲ.

ಮೂರೂ ಅಚ್ಚು ಹಿಡಿದು ನಿಂತಾಗ ಕರೆಂಟಿನಿಂದ ಕೆಲಸ ಮಾಡುವ ಪ್ರತ್ಯೇಕ ಸೊಲೆನಾಯ್ಡ್ ವಾಲ್ವೊಂದು ಪಂಪಿನ ಆಯಿಲನ್ನು ಸೀದಾ ಟ್ಯಾಂಕಿಗೆ ಬಿಡುತ್ತದೆ. ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ, ಮೋಟಾರಿನ ಸದ್ದು ಅರ್ಧಕ್ಕೆ ಇಳಿಯುತ್ತದೆ. ಮೋಟಾರನ್ನೇ ನಿಲ್ಲಿಸಿದರೆ ಇನ್ನೂ ಉಳಿತಾಯವಲ್ಲವೇ ಅಂತ ನಮ್ಮ ಮನೆಯವರು ಕೇಳಿದರು. ಪ್ರತಿ ಸಲ ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಆಂಪಿಯರ್ ಎಳೆಯುತ್ತದೆ. ನಿಮಿಷಕ್ಕೊಮ್ಮೆ ಆನ್-ಆಫ್ ಮಾಡಿದರೆ ವೈಂಡಿಂಗ್ ಸುಡುತ್ತದೆ, ಬೇಡ ಅಂದರು ಶೆಡ್ಡಿನವರು. ಸರಿಯಾದ ಮಾತು.

ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಭಾಗ. ಪ್ರತಿ ಸಿಲಿಂಡರಿನ ಮೇಲ್ಬಾಯಿಯ ಪಕ್ಕ ಹೆಬ್ಬೆರಳು ಗಾತ್ರದ ರಿಲೀಫ್ ವಾಲ್ವ್ ಇದೆ. ಕೆಳಗೆ ಕಾದ ಅಚ್ಚು, ಮೇಲೆ ಬೀಗ ಬಿದ್ದ ಆಯಿಲ್. ಶಾಖ ಹತ್ತಿದರೆ ಆಯಿಲ್ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಒತ್ತಡ ಸರ್ರನೆ ಏರಿ ಸೀಲು ಹರಿಯುತ್ತದೆ. ಆ ಪುಟ್ಟ ವಾಲ್ವ್ ಹೆಚ್ಚಾದ ಕೆಲವು ಹನಿಯನ್ನು ಟ್ಯಾಂಕಿಗೆ ಬಿಡುತ್ತದೆ. ನಾನು ಕೇಳಿರಲಿಲ್ಲ, ಅವರೇ ಯೋಚಿಸಿ ಹಾಕಿದ್ದು.

ಇಷ್ಟೆಲ್ಲ ಆದ ಮೇಲೆ ಟ್ಯಾಂಕ್ ಚಿಕ್ಕದಾಗಿದೆ. ಪಂಪು ನಿಮಿಷಕ್ಕೆ ಕೊಡುವ ಆಯಿಲಿನ ಮೂರರಿಂದ ಐದು ಪಟ್ಟು ಟ್ಯಾಂಕ್ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಆ ಪ್ರಕಾರ ನಮಗೆ 70 ಲೀಟರಾದರೂ ಬೇಕಿತ್ತು. ಇದು 40 ಲೀಟರ್. ಶಾಖ ಹುಟ್ಟುವುದನ್ನು ತಡೆದದ್ದರಿಂದ ಇಷ್ಟು ಸಾಕಾಗಿದೆ. ಮೋಟಾರು ಟ್ಯಾಂಕಿನ ಮುಚ್ಚಳದ ಮೇಲೆ ನೆಟ್ಟಗೆ ನಿಂತಿದೆ, ಪಂಪುಗಳು ಒಳಗೆ ಆಯಿಲಿನಲ್ಲಿ ಮುಳುಗಿವೆ. ಜಾಗ ಉಳಿಯಿತು, ಸದ್ದು ತಗ್ಗಿತು. ಸಕ್ಷನ್ ಪೈಪು ಗೇಣುದ್ದವೂ ಇಲ್ಲದ್ದರಿಂದ ಗಾಳಿ ಎಳೆದುಕೊಳ್ಳುವ ತಾಪತ್ರಯವೂ ಇಲ್ಲ. ನಿಂತ ಮೋಟಾರಿನ ಫ್ಯಾನ್ ಆಕಾಶಕ್ಕೆ ಮುಖ ಮಾಡಿರುತ್ತದೆ, ನಮ್ಮಲ್ಲಿ ಹಾಳೆಯ ನಾರು ಸದಾ ಹಾರುತ್ತಿರುತ್ತದೆ. ಅದರ ಮೇಲೊಂದು ತಗಡಿನ ಕೊಡೆ ಕೂರಿಸಿದ್ದಾರೆ. 68 ನಂಬರ್ ಹೈಡ್ರಾಲಿಕ್ ಆಯಿಲ್ ಹಾಕಿದ್ದೇವೆ. ಬಿರುಬೇಸಿಗೆಯ ಮಧ್ಯಾಹ್ನದಲ್ಲೂ ಥರ್ಮಾಮೀಟರ್ 60 ದಾಟಿದ್ದು ನೋಡಿಲ್ಲ.

ಪ್ಯಾನಲ್‌ನಲ್ಲಿ ಫೇಸ್ ಸೀಕ್ವೆನ್ಸ್ ರಿಲೇ ಕೊಟ್ಟಿದ್ದಾರೆ. ಗೇರ್ ಪಂಪು ಒಂದೇ ದಿಕ್ಕಿಗೆ ತಿರುಗಬೇಕು. ಲೈನ್ ರಿಪೇರಿಯಾಗಿ ಫೇಸ್ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗಿ ಪಂಪಿನ ಸೀಲು ಹೋಗುತ್ತದೆ. ಹಳ್ಳಿಯಲ್ಲಿ ಮಷೀನು ಇಟ್ಟವರು ಈ ರಿಲೇ ಇಲ್ಲದೆ ಪ್ಯಾಕ್ ತೆಗೆದುಕೊಳ್ಳಲೇಬಾರದು.

ಈಗ ಲೋಪಗಳು. ಹೇಳಿದ ದಿನಕ್ಕೆ ಕೊಡಲಿಲ್ಲ. ಮದುವೆ ಸೀಸನ್ನಿನ ಆರ್ಡರ್ ಕೈಯಲ್ಲಿಟ್ಟುಕೊಂಡು ಕಾಯಬೇಕಾಯಿತು, ಫೋನ್ ಮಾಡಿದಾಗಲೆಲ್ಲ "ನಾಳೆ ಕಳಿಸ್ತೀವ್ರಿ" ಅನ್ನುವ ಉತ್ತರ. ದಿನ ಹೇಳಿದ ಮೇಲೆ ಆ ದಿನಕ್ಕೆ ಬೆಲೆ ಕೊಡಬೇಕು. ಎರಡನೆಯದು ಟ್ಯಾಂಕಿಗೆ ವಾಪಸ್ ಬರುವ ಆಯಿಲ್ ಸೋಸುವ ರಿಟರ್ನ್ ಫಿಲ್ಟರ್. ಜಾಗ ಉಳಿಸಲು ಹೋಗಿ ಅದನ್ನು ವಾಲ್ವ್ ಬ್ಲಾಕಿನ ಕೆಳಗೆ ತುರುಕಿದ್ದಾರೆ. ಎಲಿಮೆಂಟ್ ಬದಲಿಸಬೇಕಾದರೆ ಒಂದು ಹೋಸ್ ಬಿಚ್ಚಲೇಬೇಕು, ಬಿಚ್ಚಿದಾಗ ಧೂಳು ಒಳಹೋಗುವ ಭಯ. ಫಿಲ್ಟರ್ ಇರುವುದೇ ಧೂಳು ಹಿಡಿಯಲಿಕ್ಕೆ ಅಂದ ಮೇಲೆ ಅದು ಮುಚ್ಚಳದ ಮೇಲೆ, ಒಂದೇ ತಿರುವಿಗೆ ಕೈಗೆ ಬರುವಂತೆ ಇರಬೇಕಿತ್ತು. ಸರ್ಕ್ಯೂಟ್ ಚಿತ್ರ ಕೈಬರಹದ ಒಂದು ಹಾಳೆ, ಆಯಿಲ್ ತಾಗಿದರೆ ಮುಗಿಯಿತು. ಪಂಪು ಒಳಗಿರುವುದರಿಂದ ಮೋಟಾರು-ಪಂಪು ಜೋಡಿಸುವ ಕಪ್ಲಿಂಗಿನ ರಬ್ಬರ್ ಸ್ಟಾರ್ ನೋಡಬೇಕಾದರೂ ಮುಚ್ಚಳ ಸಮೇತ ಎತ್ತಬೇಕು. ಎತ್ತಲು ಐ-ಬೋಲ್ಟ್ ಕೊಟ್ಟಿದ್ದಾರೆ ನಿಜ, ಚೈನ್ ಪುಲ್ಲಿ ಇಲ್ಲದ ಯೂನಿಟ್ಟಿನವರು ಇದನ್ನು ಮೊದಲೇ ಯೋಚಿಸಬೇಕು.

ಬೆಲೆ ರೆಡಿಮೇಡ್ ಪ್ಯಾಕಿಗಿಂತ ಕಾಲು ಭಾಗ ಹೆಚ್ಚು. ಒಂದೇ ಅಚ್ಚು ಇಟ್ಟುಕೊಂಡು ದಿನಕ್ಕೆ ಎರಡು ಗಂಟೆ ನಡೆಸುವವರಿಗೆ ಇಷ್ಟು ಖರ್ಚು ಬೇಕಿಲ್ಲ, ನಾನೇ ಬೇಡ ಅನ್ನುತ್ತೇನೆ. ಮೂರು ಅಚ್ಚು, ಐದು ಅಚ್ಚು ಇಟ್ಟು ಬೆಳಗಿನಿಂದ ಸಂಜೆವರೆಗೆ ದುಡಿಸುವವರು ಧೈರ್ಯವಾಗಿ ಮಾಡಿಸಿ. ಕೊಟ್ಟ ಮೇಲೆ ಕೈಬಿಡುವವರಲ್ಲ: ಮೊದಲ ಕೆಲವು ವಾರ ಓಡಿದ ಮೇಲೆ ತಾವೇ ಬಂದು ಫಿಲ್ಟರ್ ಬಿಚ್ಚಿ, ಹೊಸ ಪಂಪಿನಿಂದ ಉದುರಿದ ಮಿನುಗು ಪುಡಿ ತೋರಿಸಿ, ಎಲಿಮೆಂಟ್ ಬದಲಿಸಿ ಹೋದರು. ಸೀಲು ಕಿಟ್ ಎರಡು ಜೊತೆ ಜೊತೆಗೇ ಕೊಟ್ಟಿದ್ದಾರೆ.

ಹೋಗುವಾಗ ಸಿಲಿಂಡರಿನ ಬೋರು, ಸ್ಟ್ರೋಕು, ಒತ್ತಿ ಹಿಡಿಯುವ ಹೊತ್ತು ಬರೆದುಕೊಂಡು ಹೋಗಿ. ಮೋಟಾರು ಓಡುತ್ತಿರುವಾಗ ನಿಮ್ಮೂರಿನ ಸಂಜೆಯ ವೋಲ್ಟೇಜ್ ಎಷ್ಟಿರುತ್ತದೆ ಅಂತಲೂ ಅಳೆದು ಬರೆದುಕೊಳ್ಳಿ. ಫಿಲ್ಟರ್ ಮೇಲಕ್ಕೆ ಬರಲಿ, ಸರ್ಕ್ಯೂಟ್ ಚಿತ್ರ ಲ್ಯಾಮಿನೇಷನ್ ಮಾಡಿಸಿ ಪ್ಯಾನಲ್ ಬಾಗಿಲಿಗೆ ಅಂಟಿಸಿ ಕೊಡಲಿ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಹೇಳಿ. ಹೇಳಿದರೆ ಮಾಡುತ್ತಾರೆ.