ಕುಂದೇ ಇಲ್ಲದ ನಾಯಕಿಯೋ, ಎಡವುವ ನಾಯಕಿಯೋ?

ಮೊದಲ ಫ್ಯಾನ್ ಫಿಕ್ಷನ್‌ಗೆ (ಮೆಚ್ಚಿನ ಕಥೆ, ಸರಣಿಗಳ ಲೋಕವನ್ನೇ ಬಳಸಿ ಅಭಿಮಾನಿಗಳು ಬರೆಯುವ ಕಥೆಗೆ) ಎಂಥ ನಾಯಕಿ ಬೇಕೆಂದು ಕೇಳಿದ್ದೀರಿ. ಬರೆಯಲು ಸಲೀಸು ಕುಂದಿಲ್ಲದವಳೇ, ನಿಮ್ಮ ಆಸೆಯೇ ಅವಳನ್ನು ನಡೆಸುತ್ತದೆ. ಆದರೆ ಕಥೆ ಬೆಳೆದಂತೆ ಅವಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ, ಬಾಹ್ಯಾಕಾಶ ನೌಕೆಯ ಕಥೆ ಹೇಳುವ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಅಭಿಮಾನಿಗಳ ಪತ್ರಿಕೆಯಲ್ಲಿ ಅಣಕಿಸಿದ್ದು ಇದನ್ನೇ: ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ನೌಕೆಯನ್ನೇ ನಡೆಸಿ, ಬಹುಮಾನಗಳನ್ನು ಬಾಚಿ, ಎಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ಇಂಥ ಪಾತ್ರಗಳಿಗೆಲ್ಲ ಆ ಹೆಸರೇ ಅಂಟಿಕೊಂಡಿತು.

ಎಡವುವವಳು ಶುರುವಿನಲ್ಲಿ ಸತಾಯಿಸುತ್ತಾಳೆ. ಗೆಳತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದವಳು ಮರುದಿನ ಆ ಮನೆಯ ಬಾಗಿಲು ತಟ್ಟುತ್ತಾಳೋ ಇಲ್ಲವೋ? ನೀವು ಯೋಚಿಸಲೇಬೇಕು, ಆ ಯೋಚನೆಯೇ ಮುಂದಿನ ಅಧ್ಯಾಯ. ಹತ್ತಾರು ಕಂತು ಬರೆಯುವುದಾದರೆ ಇವಳನ್ನೇ ಹಿಡಿಯಿರಿ. ನಾಲ್ಕು ಪುಟದ ಕಥೆಯೇ? ಬರೆಯುವ ಖುಷಿಗಾಗಿಯೇ? ಹಾಗಾದರೆ ಮೊದಲನೆಯವಳನ್ನು ನಾಚದೆ ಬರೆಯಿರಿ.